ಒಂದು ಬಿಳಿ ಚಿಟ್ಟೆ, ಹೆಸರು ಗೊತ್ತಿಲ್ಲ

ಏಪ್ರಿಲ್ 11, ಶನಿವಾರ

ಬೆಳಿಗ್ಗೆ ಮತ್ತೆ ಮೋಡ. ಹದಿಮೂರು ಡಿಗ್ರಿ ದಾಟದೆ ಚಿಟ್ಟೆ ಎಣಿಕೆಗೆ ಹೋಗುವ ಹಾಗಿಲ್ಲ. ಕಿಟಕಿಯ ಥರ್ಮಾಮೀಟರನ್ನು ಬೆರಳಿನಿಂದ ತಟ್ಟಿದೆ. ತಟ್ಟಿದರೆ ಬಿಸಿಲು ಬರುತ್ತದೆಯೇ ಎಂದು ಲೆನ್ ಟೋಸ್ಟ್ ಅಗಿಯುತ್ತಾ ಕೇಳಿದ. ಕೆಲಸವಿಲ್ಲದ ಗಂಡ ಮನೆಯಲ್ಲಿದ್ದರೆ ಇಂಥ ಪ್ರಶ್ನೆಗಳೇ.

ಮಧ್ಯಾಹ್ನ ಬಿಸಿಲು. ಅಲೆಕ್ ಥ್ರಿಂಗ್ ಜೊತೆ ಗುಡ್ಡ ಹತ್ತಿದೆ. ಎಂಬತ್ತು ದಾಟಿದ ಮನುಷ್ಯ, ಆ ಸುಣ್ಣಕಲ್ಲಿನ ಗುಡ್ಡದಲ್ಲಿ ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ ನಡೆದು ಚಿಟ್ಟೆ ಎಣಿಸುತ್ತಲೇ ಮುದುಕರಾದವರು. ಬೇಲಿಯ ಪಕ್ಕ ಒಂದು ಬಿಳಿ ಹಾರಿತು. ಬೇರೆ ಯಾರಾದರೂ ಆಗಿದ್ದರೆ ಸಾಮಾನ್ಯ ಕೋಸಿನ ಚಿಟ್ಟೆ ಎಂದು ಮುಂದೆ ಹೋಗುತ್ತಿದ್ದರು. ನಾನು ಹೋಗಲಿಲ್ಲ. ಕೂತಿತು, ರೆಕ್ಕೆ ಮಡಚಿತು. ಅಡಿಯಲ್ಲಿ ಪಾಚಿಯಂಥ ಹಸಿರು ಮಚ್ಚೆ... ಕಿತ್ತಳೆತುದಿ, ಹೆಣ್ಣು! ರೆಕ್ಕೆಯ ತುದಿಯ ಕಿತ್ತಳೆ ಬಣ್ಣದ ಷೋಕಿಯೆಲ್ಲ ಗಂಡಿಗೆ ಮಾತ್ರ. ಹೆಣ್ಣನ್ನು ಗುರುತಿಸಲು ಅದು ಕೂರುವ ತನಕ ಕಾಯಬೇಕು.

ಅಲೆಕ್ "ಹ್ಞೂಂ" ಎಂದರು. ಅವರ ಒಂದು ಹ್ಞೂಂ ಬೇರೆಯವರ ಚಪ್ಪಾಳೆಗೆ ಸಮ. ಮನೆಗೆ ಬಂದು ಲೆನ್‌ಗೆ ಎರಡು ಸಲ ಹೇಳಿದೆ.

ಏಪ್ರಿಲ್ 14, ಮಂಗಳವಾರ

ಅಲೆಕ್ ಮನೆಯಲ್ಲಿ ಚಹಾ. ಮಂಡಿ ಕೈಕೊಟ್ಟಿದೆಯಂತೆ, ಇನ್ನು ಗುಡ್ಡ ಹತ್ತುವುದಿಲ್ಲವಂತೆ. ಎಣಿಕೆಯ ದಾರಿಯನ್ನು ಯಾರಿಗಾದರೂ ಒಪ್ಪಿಸಬೇಕು. ಕೇಳಿದವರು ಇಬ್ಬರು. ನಾನು, ಮತ್ತೆ ಫಿರಂಗಿಯಷ್ಟು ಉದ್ದದ ಕ್ಯಾಮೆರಾದ ಪಿಯರ್ಸ್ ಲೇಥಮ್.

ನನಗೆ ಬೇಕು ಅದು. ಸುತ್ತಿ ಬಳಸಿ ಬರೆಯುವುದೇಕೆ, ಇಲ್ಲಿ ಓದುವವರು ಯಾರಿದ್ದಾರೆ? ಡ್ರೈವಿಂಗ್ ಕಲಿಸುವುದನ್ನು ಬಿಟ್ಟ ಮೇಲೆ ನನ್ನದು ಎನ್ನುವಂಥದ್ದು ಏನೂ ಉಳಿದಿಲ್ಲ.

26ನೇ ತಾರೀಖು ಊರಿನವರಿಗೆ ಚಿಟ್ಟೆ ತೋರಿಸುವ ವಸಂತದ ನಡಿಗೆಯನ್ನು ನಾನು ನಡೆಸಬೇಕಂತೆ. ಪಿಯರ್ಸ್‌ನ ಸರದಿ ಮೇ ತಿಂಗಳಲ್ಲಿ. ಅಲೆಕ್ ಹೇಗೋ ಕೋಲೂರಿಕೊಂಡು ಹಿಂದೆ ಬರುತ್ತಾರೆ, ಬಾಯಿ ಬಿಡುವುದಿಲ್ಲ. ಪರೀಕ್ಷೆ! ಸಾವಿರ ಜನರನ್ನು ಪರೀಕ್ಷೆಗೆ ಕಳಿಸಿದವಳಿಗೆ ಪರೀಕ್ಷೆ. ರಾತ್ರಿ ಲೆನ್ ಹೇಳಿದ, "ನಿಂಗೆ ಗೊತ್ತಿಲ್ಲದ್ದು ಏನಾದ್ರೂ ಬಂದ್ರೆ ಏನ್ ಮಾಡ್ತೀಯೇ? ನಲವತ್ತು ವರ್ಷದಲ್ಲಿ ನಿನ್ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತೇ ಕೇಳಿಲ್ಲ ನಾನು." ಗೊತ್ತಿಲ್ಲದ್ದು ಬರುವುದಿಲ್ಲ ಎಂದೆ.

ಏಪ್ರಿಲ್ 26, ಭಾನುವಾರ, ಸಂಜೆ

ಆಯಿತು. ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಮೊದಲೆಲ್ಲ ಹಬ್ಬ. ಊರಿನವರು, ಚರ್ಚಿನವರು, ಒಳ್ಳೆ ಗುಂಪು. ನವಿಲುಕಣ್ಣಿನ ಚಿಟ್ಟೆ ತೋರಿಸಿದೆ. ಹಳದಿಯದು ದೂರದಲ್ಲಿ ಹಾರುವಾಗಲೇ ಹೆಸರು ಹೇಳಿದೆ. ಒಬ್ಬಾಕೆ, ನಿಮಗೆ ಹದ್ದಿನ ಕಣ್ಣು ಎಂದಳು. ಅಲ್ಲ ಎನ್ನಲಿಲ್ಲ ನಾನು.

ಹೇಝಲ್ ಪೊದೆಗಳ ಹತ್ತಿರ ಒಂದು ಬಿಳಿ ಎದ್ದಿತು. ಚಿಕ್ಕದು. ಸುಸ್ತಾದ ಹಾಗೆ, ನಿಧಾನ ಹಾರಾಟ. ಪಿಯರ್ಸ್ ಪಿಸುದನಿಯಲ್ಲಿ ಹೇಳಿದ, "ಕಾಡುಬಿಳಿ." ಈ ಗುಡ್ಡದಲ್ಲಿ ಅದನ್ನು ಕಂಡವರಿಲ್ಲ. ಜಿಲ್ಲೆಯಲ್ಲೇ ಅಪರೂಪ. ಗುಂಪಿನಲ್ಲಿ ಗುಸುಗುಸು, ಎಲ್ಲರ ಫೋನೂ ಹೊರಗೆ. ಅಷ್ಟರಲ್ಲಿ ಸೂರ್ಯನಿಗೆ ಮೋಡ. ಚಿಟ್ಟೆ ಪೊದೆಯೊಳಗೆ ಹೋಯಿತು, ಮತ್ತೆ ಬರಲಿಲ್ಲ. ಕೂತದ್ದನ್ನು ನೋಡಲಿಲ್ಲ. ರೆಕ್ಕೆಯ ಅಡಿ ನೋಡಲಿಲ್ಲ. ಕ್ಯಾಮೆರಾಕ್ಕೂ ಬರೀ ಎಲೆ ಸಿಕ್ಕಿತ್ತು.

ಎಲ್ಲರೂ ನನ್ನ ಮುಖ ನೋಡಿದರು. ಕಾಡುಬಿಳಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನಗೂ ಅದೇ ಆಗಿರಬೇಕಿತ್ತು, ದೇವರಾಣೆ! ನನ್ನ ಮೊದಲ ನಡಿಗೆಯಲ್ಲೇ... ಆದರೆ ಚಳಿಗೆ ಜಡವಾದ ಕಿತ್ತಳೆತುದಿಯ ಹೆಣ್ಣೂ ಹಾಗೇ ತೂರಾಡುತ್ತದೆ.

"ನಂಗೆ ಗೊತ್ತಾಗ್ಲಿಲ್ಲ" ಎಂದೆ. "ಬಿಳಿ, ಹೆಸರು ಗೊತ್ತಿಲ್ಲ, ಅಂತಲೇ ಬರಿಯೋದು."

ಪಿಯರ್ಸ್ ನಕ್ಕ. "ದಾರಿ ಬೇಕು ಅನ್ನೋರಿಗೆ ಕಣ್ಣಾದ್ರೂ ಇರ್ಬೇಕಲ್ವಾ?" ನನಗಲ್ಲ, ಪಕ್ಕದವರಿಗೆ ಹೇಳಿದ, ನನಗೆ ಕೇಳುವ ಹಾಗೆ. ಹದ್ದಿನ ಕಣ್ಣು ಎಂದಿದ್ದ ಹೆಂಗಸು ಬೂಟಿನ ಲೇಸ್ ಕಟ್ಟತೊಡಗಿದಳು. ಅಲೆಕ್ ಕೋಲೂರಿ ನಿಂತಿದ್ದರು. ಹ್ಞೂಂ ಕೂಡ ಇಲ್ಲ. ನಡಿಗೆ ಮುಗಿದ ಮೇಲೆ ಕಾರು ಹತ್ತಿ ಹೋದರು.

ದಾರಿ ಹೋಯಿತು. ಲೆನ್ ತಮಾಷೆ ಮಾಡಲಿಲ್ಲ, ಸುಮ್ಮನೆ ಸೂಪ್ ಬಿಸಿ ಮಾಡಿಕೊಟ್ಟ. ಅದರಿಂದಲೇ ಹೆಚ್ಚು ಅಳು ಬಂತು.

ಮೇ 4, ಸೋಮವಾರ

ಒಂದು ವಾರ ಏನೂ ಬರೆಯಲಿಲ್ಲ. ಯಾರ ಮುಖವೂ ಬೇಡವಾಗಿತ್ತು.

ಇವತ್ತು ಅಲೆಕ್ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. ನಿನ್ನೆ ಪಿಯರ್ಸ್‌ನ ನಡಿಗೆಯಿತ್ತು. ಹೇಗಾಯಿತು ಎಂದು ಕೇಳಲು ಬಿಗುಮಾನ. ಅವರೇ ಹೇಳಿದರು, ಅವನು ಎಲ್ಲಕ್ಕೂ ಹೆಸರು ಹೇಳಿದನಂತೆ. ಮೋಡದಲ್ಲಿ ಹಾರಿದ್ದಕ್ಕೂ, ಬೇಲಿಯಾಚೆ ಹೋದದ್ದಕ್ಕೂ.

"ಗುರುವಾರದಿಂದ ನೀನು ಹೋಗು, ಹೆಸ್ಟರ್" ಎಂದರು.

ಇಷ್ಟು ದಿನ ಕೊರೆಯುತ್ತಿದ್ದದ್ದನ್ನೇ ಕೇಳಿದೆ ನಾನು. "ಅವತ್ತು ನೀವೂ ನೋಡಿದ್ರಲ್ಲ ಅಲೆಕ್. ಅದು ಕಾಡುಬಿಳೀನಾ?"

ಅವರು ಕೋಲನ್ನು ಬಾಗಿಲಿಗೆ ಒರಗಿಸಿದರು.

"ನಂಗೂ ಗೊತ್ತಾಗ್ಲಿಲ್ಲಮ್ಮ. ನೀನು ಏನಾದ್ರೂ ಒಂದು ಹೆಸರು ಹೇಳಿಬಿಡ್ತೀಯೇನೋ ಅಂತ ಹೆದರಿಕೆ ಆಗಿತ್ತು. ಹೇಳಿದ್ರೆ ನನ್ನ ಇಷ್ಟು ವರ್ಷದ ಎಣಿಕೆಯನ್ನ ನಿನ್ನ ಕೈಗೆ ಹೇಗೆ ಕೊಡ್ಲಿ?"

ಹೋದರು. ಮೆಟ್ಟಿಲಿನ ಮೇಲೆ ಕೂತೆ. ಹೆಮ್ಮೆಯಾಯಿತು ನನಗೆ. ಹದ್ದಿನ ಕಣ್ಣು ಎಂದಾಗಿನ ಹೆಮ್ಮೆಯಲ್ಲ ಇದು, ಅದಕ್ಕಿಂತ ಗಟ್ಟಿ. ಲೆನ್‌ಗೆ ಹೇಳಿದೆ, ಅಕ್ಕನಿಗೆ ಫೋನ್ ಮಾಡಿದೆ, ಅಂಚೆಯವನಿಗೂ ಹೇಳಿದೆ.

ಮೇ 7, ಗುರುವಾರ, ಬೆಳಿಗ್ಗೆ 11

ಗುಡ್ಡದ ಬುಡದ ಗೇಟಿನಲ್ಲಿ. ಒಬ್ಬಳೇ. ಮೋಡ ಸರಿಯಲೆಂದು ಕಾಯುತ್ತಾ ಗೀಚುತ್ತಿದ್ದೇನೆ.

ಒಬ್ಬಳೇ ಅಲ್ಲ. ರಸ್ತೆ ಬದಿಯಲ್ಲಿ ಅಲೆಕ್‌ರ ಕಾರು. ಪೇಪರ್ ಓದುವವರ ಹಾಗೆ ನಟಿಸುತ್ತಿದ್ದಾರೆ. ನಾನೂ ಅವರನ್ನು ನೋಡದವಳ ಹಾಗೆ ನಿಂತಿದ್ದೇನೆ.

ಬಿಸಿಲು! ಮೊದಲು ಅವರಿಗೇ ಕಂಡಿರಬೇಕು, ಹಾರ್ನ್ ಹೊಡೆದರು. ಜೀವಮಾನವಿಡೀ ಡ್ರೈವಿಂಗ್ ಕಲಿಯುವವರ ಪಕ್ಕ ಕೂತವಳಿಗೇ ಹಾರ್ನ್! ಇಗೋ, ಇನ್ನೊಂದು ಸಲ. ಬಂದೆ, ಹೊರಟೆ. ಇದು ಇನ್ನು ನನ್ನ ಗುಡ್ಡ, ನನ್ನ ದಾರಿ.