ಏರಿಯ ಮೇಲಿನ ಎದುರುಗಾಳಿ

ಹಾರ್ಲಿಂಗನ್, ಅಕ್ಟೋಬರ್ 14, ಮಂಗಳವಾರ

ನಿಂಕೆ ಕೊನೆಗೂ ಬ್ಯಾಟರಿ ಸೈಕಲ್ ಕೊಂಡುಬಿಟ್ಟಳು. ಅದೂ ಊರಾಚೆಯ ಹೊಸ ಮಳಿಗೆಯಲ್ಲಿ. ಮೂವತ್ತು ವರ್ಷ ಸೈಕಲ್ ಮಾರಿದವನ ಹೆಂಡತಿ! ಮೊಮ್ಮಕ್ಕಳನ್ನು ಕೂರಿಸಲು ಮುಂದೊಂದು ದೊಡ್ಡ ಪೆಟ್ಟಿಗೆ ಬೇರೆ.

"ಅಂಗಡಿಗೆ ತರಿಸು ಅಂದ್ರೆ ನೀನು ಕೇಳ್ಲಿಲ್ಲ. ಮಂಡಿನೋವು ನಂದು, ಹಟ ನಿಂದು," ಅಂದಳು.

"ಅದು ಸೈಕಲ್ಲೇ ಅಲ್ಲ ಕಣೆ. ಮುದುಕರ ಗಾಡಿ."

"ಹಾಗಾದ್ರೆ ನಮಗೆ ಹೇಳಿ ಮಾಡ್ಸಿದ್ದು."

ಮಧ್ಯಾಹ್ನ ಮಕ್ಕಳನ್ನು ಕರೆತರಲು ಮಗಳ ಮನೆಗೆ ಹೊರಟೆವು. ಅವಳು ಅದರಲ್ಲಿ, ನಾನು ನನ್ನ ಹಳೆಯದರಲ್ಲಿ. ಸಮುದ್ರದ ಏರಿ ಹತ್ತಿದ್ದೇ ತಡ, ಗಾಳಿ ಮುಖಕ್ಕೆ ರಾಚಿತು. ಎದುರುಗಾಳಿ ಬಂದಾಗ ಪಕ್ಕದಲ್ಲೇ ತುಳಿಯುತ್ತ ಅವಳ ಬೆನ್ನಿಗೆ ಕೈಯಿಟ್ಟು ತಳ್ಳುವವನು ಮದುವೆಗೆ ಮುಂಚಿನಿಂದಲೂ ನಾನೇ. ಈ ಊರಿನ ಗಂಡಂದಿರೆಲ್ಲ ಅಷ್ಟೇ. ಇಂದೂ ಅಭ್ಯಾಸಬಲದಿಂದ ಕೈ ಚಾಚಿದೆ. ಅಷ್ಟರಲ್ಲಿ ಅವಳು ಆರಾಮಾಗಿ ಮುಂದೆ ಹೋಗಿಯಾಗಿತ್ತು. ಚಾಚಿದ ಕೈ ಹಾಗೇ ಉಳಿಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಆ ಮಳಿಗೆಯ ಪಾಲಾದಾಗಲೂ ನನಗೆ ಇಷ್ಟು ಪಿಚ್ಚೆನಿಸಿರಲಿಲ್ಲ.

ಸ್ವಲ್ಪ ದೂರ ಹೋಗಿ ಅವಳು ನಿಧಾನ ಮಾಡಿದಳು. ನಾನು ಏದುಸಿರು ಬಿಡುತ್ತ ಸಮಕ್ಕೆ ಬಂದೆ. ಹಂಗಿಸುತ್ತಾಳೆ ಅಂದುಕೊಂಡೆ. ಅವಳು ಸುಮ್ಮನೆ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಬೇಡ ನಿಂಕೆ, ಯಾರಾದ್ರೂ ನೋಡ್ತಾರೆ."

"ನೋಡ್ಲಿ ಬಿಡು. ಬಾಯಿ ಮುಚ್ಕೊಂಡು ತುಳಿಯೋ, ಮಾರಾಯ."

ತುಳಿದೆ. ಏರಿ ಮುಗಿಯುವವರೆಗೂ ಅವಳು ಕೈ ತೆಗೆಯಲಿಲ್ಲ.

ನಾಳೆ ಫೋನ್ ಮಾಡಿ ಅಂಗಡಿಗೆ ಅಂಥವು ನಾಲ್ಕು ತರಿಸಬೇಕು. ಮಾರುವುದಕ್ಕೆ ಮಾತ್ರ. ನನಗೆ ಈ ಹಳೆಯದೇ ಇರಲಿ. ಎಷ್ಟು ಬೆಚ್ಚಗಿತ್ತು ಆ ಕೈ, ಇಷ್ಟು ವರ್ಷ ನಾನು ಬರೀ ತಳ್ಳಿದ್ದೇ ಆಯಿತು, ತಳ್ಳಿಸಿಕೊಳ್ಳುವ ಸುಖ ಗೊತ್ತೇ ಇರಲಿಲ್ಲ.