ಬಿಸಿ ಎಣ್ಣೆ ಇನ್ನು ಮುಟ್ಟಬೇಡ

ಸುಶಾಂತ್,

ನೀನು ಮಲಗಿದ್ದಾಗ ಚಾದರ ಸರಿಸಿ ನೋಡಿದೆ. ನಿನ್ನೆ ಕಬಡ್ಡಿಯಲ್ಲಿ ಹಿಡಿದುಕೊಂಡ ತೊಡೆ ಮೊಣಕಾಲಿನವರೆಗೂ ನೇರಳೆ ಬಣ್ಣಕ್ಕೆ ತಿರುಗಿದೆ.

ಫಿಸಿಯೋ ಮಾರ್ಟಿನಾಗೆ ಫೋನ್ ಮಾಡಿದೆ. "ಸ್ನಾಯು ಹರಿದಿರಬೇಕು. ಬಿಸಿ ಎಣ್ಣೆ ಹಾಕಿ ತಿಕ್ಕಿದ್ರೆ ಒಳಗೆ ರಕ್ತ ಜಾಸ್ತಿ ಹೋಗ್ತದೆ. ಯಾರು ಮಾರಾಯ್ತಿ ತಿಕ್ಕಿದ್ದು?" ಅಂದಳು. ಈಗ ಏನು ಮಾಡಬೇಕು ಎಂದಷ್ಟೇ ಕೇಳಿದೆ.

ಐಸನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಹತ್ತು ನಿಮಿಷ ಇಡು. ಕಾಲು ದಿಂಬಿನ ಮೇಲಿರಲಿ. ಪಾದ ಮರಗಟ್ಟಿದರೆ ಕೂಡಲೇ ಫೋನ್ ಮಾಡು, ಮೀಟಿಂಗಿನಲ್ಲಿದ್ದರೂ ಎತ್ತುತ್ತೇನೆ. ಒಂದು ಗಂಟೆಗೆ ಬಂದು ಸ್ಕ್ಯಾನಿಗೆ ಕರೆದೊಯ್ಯುತ್ತೇನೆ.

ಭಾನುವಾರದ ಅಬುಧಾಬಿ ಫೈನಲ್ ನಿನಗೆ ಖಲಾಸ್. ನಿನ್ನ ಶೂ ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡ.

ಅಮ್ಮ ಊರಿಂದ ಕಳಿಸಿದ ಎಣ್ಣೆಯನ್ನು ಸಿಂಕಿಗೆ ಸುರಿದೆ. "ಸಾಕು ಅಕ್ಕ" ಎಂದು ನಿನ್ನೆ ನೀನು ಕೂಗಿದಾಗಲೇ ನಾನು ಕೈ ತೆಗೆಯಬೇಕಿತ್ತು.

ಅಕ್ಕ