ಮಾವನ ಅಂಗೈ

೭-೬-೮೧, ಭಾನುವಾರ. ಬೆಳಿಗ್ಗೆ ೬.೩೦

ಎದ್ದು ಸ್ಪೀಕರ್ ಒರೆಸೋಣ ಅಂತ ಹೋದರೆ ಮಾವ ಆಗಲೇ ಒರೆಸಿ ಮುಗಿಸಿದ್ದಾರೆ. ಬಟ್ಟೆ ಹೆಗಲ ಮೇಲೆ. ದಿನಾ ಇದೇ. ಮನೆ ನನ್ನದು, ಹಾಲ್ ನನ್ನದು, ಮೊದಲ ಕೈ ಮಾತ್ರ ಅವರದು.

ಎರಡು ಪೆಟ್ಟಿಗೆ, ಒಂದೊಂದೂ ಬೀರುವಿನಷ್ಟು. ಕೆಳಗೆ ದಪ್ಪ ಸದ್ದಿಗೆ ಹದಿನೈದು ಇಂಚಿನ ಕಾಗದದ ಕೋನ್, ಮೇಲೆ ಸಣ್ಣ ಸದ್ದಿಗೆ ಹಾರ್ನ್. ಟೂರಿಂಗ್ ಟಾಕೀಸಿನ ಪರದೆ ಹಿಂದೆ ಇದ್ದವು. ಐ.ಡಿ.ಹಳ್ಳಿ, ಹುಲಿಕುಂಟೆ ಅಂತ ಊರೂರು ಸುತ್ತಿ ಮೂರು ವರ್ಷದ ಹಿಂದೆ ಕೊರಟಗೆರೆಯಲ್ಲಿ ಟೆಂಟ್ ಎತ್ತಿ ಮುಚ್ಚಿದರು. ಮಾವ — ಮುದ್ದಪ್ಪನವರು — ಇಪ್ಪತ್ತಾರು ವರ್ಷ ಅಲ್ಲಿ ಆಪರೇಟರ್. ಓನರ್ ಹತ್ತಿರ ಬೇರೇನೂ ಕೇಳಲಿಲ್ಲ. ಈ ಪೆಟ್ಟಿಗೆ, ಒಂದು ಟ್ರಂಕು ಬಟ್ಟೆ ಲಾರಿಗೆ ಹಾಕಿಕೊಂಡು ಮಧುಗಿರಿಗೆ, ಮಗಳು ಗಿರಿಯಮ್ಮನ ಮನೆಗೆ ಬಂದುಬಿಟ್ಟರು.

ಜೊತೆಗೆ ಬಂದ ವಾಲ್ವ್ ಆಂಪ್ಲಿಫೈಯರ್ ಹೋದ ತಿಂಗಳು ಕೆಟ್ಟಿತು. ಹೊಸದು ಬೇಕು. ನಾನು ಆರಿಸುತ್ತೇನೆ. ಈ ಮನೆಯಲ್ಲಿ ಫಿಸಿಕ್ಸ್ ಓದಿದವನು, ಓದಿಸುವವನು ನಾನೊಬ್ಬನೇ.

೧೪-೬, ಭಾನುವಾರ

ಶಿರಾಕ್ಕೆ ಹೋಗಿಬಂದೆವು. ಅಲ್ಲಿನ ಸಾಬರ ಅಂಗಡಿಯಲ್ಲಿ ಎರಡು ಹಳೇ ವಾಲ್ವ್ ಆಂಪ್. ಹತ್ತತ್ತು ವ್ಯಾಟ್. ಮಾವನ ಮುಖ ಅರಳಿತು.

"ಇವೇ ಸಾಕು ಅಳೀಮಯ್ಯ. ಎಂಟು ವ್ಯಾಟಲ್ಲಿ ಐನೂರು ಜನಕ್ಕೆ ಕೇಳ್ಸಿವ್ನಿ ನಾನು. ಆ ಪೆಟ್ಟಿಗೆಗೆ ಜೋರಾಗಿರೋ ಆಂಪ್ ಬ್ಯಾಡ, ಸುಮ್ಕಿರೋ ಆಂಪ್ ಬೇಕು. ದೊಡ್ಡದು ಹಾಕುದ್ರೆ ಅದ್ರ ಗೊರಕೆನೂ ಮನೆ ತುಂಬಾ ಕೇಳ್ತದೆ."

ನನಗೆ ಬೇಕಾದ್ದು ನಾಲ್ಕು ಚಾನೆಲ್. ಎರಡು ಕೋನಿಗೆ ಎರಡು, ಎರಡು ಹಾರ್ನಿಗೆ ಎರಡು. ಪಾವಗಡದ ಕದಿರಯ್ಯ ಆರ್ಕೆಸ್ಟ್ರಾದವರಿಗೆ ಕಟ್ಟಿಕೊಡುತ್ತಾನಂತೆ — ಟ್ರಾನ್ಸಿಸ್ಟರಿನದು, ಚಾನೆಲ್‌ಗೆ ಐವತ್ತು ವ್ಯಾಟ್. ಜಿಲ್ಲೆಯಲ್ಲೇ ಯಾರ ಮನೆಯಲ್ಲೂ ಇಲ್ಲ.

ಬಸ್ಸಿನಲ್ಲಿ ಮಾವ ದಾರಿ ಉದ್ದಕ್ಕೂ ಅದನ್ನೇ ಹೇಳಿದರು. ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿ ಕೂತೆ.

೨೧-೬, ಭಾನುವಾರ. ಸಂಜೆ

ಹೆಡ್‌ಮಾಸ್ಟರ್ ಪರ್ವತಯ್ಯನವರು ಮನೆಗೆ ಬಂದಿದ್ದರು. ನಾಲ್ಕು ಚಾನೆಲ್ ಅಂದರೇನು ಅಂತ ಕಾಗದದ ಮೇಲೆ ಬರೆದು ತೋರಿಸುತ್ತಿದ್ದೆ. ಮಾವ ಬಂದು ಎದುರಿಗೆ ಕೂತರು. ಮುಗಿಯಿತು. ಪರ್ವತಯ್ಯ ನನ್ನ ಕಾಗದ ಪಕ್ಕಕ್ಕಿಟ್ಟು "ಮುದ್ದಪ್ಪನವರೇ, ನೀವು ಹೇಳಿ" ಅಂದರು.

ಮಾವ ಅಂಗೈ ತೋರಿಸಿ ಹೇಳಿದರು. "ದಿನಾ ಆಟಕ್ಕೆ ಮುಂಚೆ ಆಂಪ್ ಹಾಕಿ ಪರದೆ ಹಿಂದಕ್ಕೋಗ್ತಿದ್ದೆ. ಕೋನ್ ಮ್ಯಾಲೆ ಮೆತ್ತಗೆ ಕೈ ಇಕ್ಕೋದು. ಅಲ್ಲಾಡ್ದೆ ಕೂತಿರ್ಬೇಕು. ನಡುಗ್ತಿದ್ರೆ ಹಮ್ಮು, ಗುಂಯ್ ಅನ್ನೋ ಸದ್ದು. ಮುಂದಕ್ಕೆ ತಳ್ಕಂಡಿದ್ರೆ ಕರೆಂಟು ಸೀದಾ ನುಗ್ತಾ ಐತೆ ಅಂತ — ತಕ್ಷಣ ವೈರ್ ಕಿತ್ತಾಕ್ಬುಡ್ಬೇಕು, ಇಲ್ಲಾಂದ್ರೆ ಸುಟ್ಟೋಯ್ತದೆ. ಓನರ್ ಒಂದ್ಸಲ ಟ್ರಾನ್ಸಿಸ್ಟರ್ದು ತಂದಿದ್ರು. ಅಂಗೇ ಆಗಿತ್ತು. ಕೈ ಇಕ್ಕಿದ್ದಕ್ಕೆ ಉಳ್ಕಂಡ್ವು." ಆಮೇಲೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ತೋರಿಸಿದರು. ನಮ್ಮ ಮನೆಯಲ್ಲೂ ಆಂಪ್ ಹಾಕಿದಾಗಲೆಲ್ಲ ಹಾಗೇ ಮಾಡುತ್ತಿದ್ದರು; ಇಷ್ಟು ದಿನ ಅದು ಪೂಜೆ ಅಂದುಕೊಂಡಿದ್ದೆ.

ಒಂದು ಗಂಟೆ ಮಾತು. ನಾನು ಕಾಫಿ ಲೋಟ ಎತ್ತಿದೆ. ಹೊರಡುವಾಗ ಪರ್ವತಯ್ಯ — "ಮಾವನ್ನ ಕೇಳ್ಕೊಂಡೇ ತಗೊಳ್ರೀ, ಮೇಷ್ಟ್ರೇ."

ಹೊಟ್ಟೆ ಉರಿಯಿತು. ಇನ್ನೂ ಉರಿಯುತ್ತಿದೆ.

೨೮-೬

ಒಂದು ವಿಷಯ ಗೊತ್ತಾಯಿತು. ಮಾವ ಬೆನ್ನು ಹಾಕಿ ಕೂತಿದ್ದರು. ಊಟಕ್ಕೆ ಕರೆದೆ. ತಿರುಗಲಿಲ್ಲ. ಸ್ಟೀಲ್ ತಟ್ಟೆ ನೆಲಕ್ಕೆ ಬಿಟ್ಟೆ. ತಿರುಗಲಿಲ್ಲ. ಎದುರಿಗೆ ಹೋಗಿ ಅದೇ ಮಾತು ಸಣ್ಣಗೆ ಅಂದೆ — "ಬಂದೆ ಬಂದೆ" ಅಂತ ಎದ್ದರು.

ತುಟಿ ನೋಡಿ ಉತ್ತರ ಕೊಡುತ್ತಿದ್ದಾರೆ. ಕಿವಿ ಪೂರ್ತಿ ಹೋಗಿದೆ.

ಗಿರಿಯಮ್ಮನಿಗೆ ಹೇಳಿದೆ. ಒಲೆಗೆ ಸೌದೆ ನೂಕುತ್ತಾ ಕೂತಿದ್ದವಳು ತಲೆ ಎತ್ತಲಿಲ್ಲ. "ಗೊತ್ತು. ನಂಗೊತ್ತು ಅನ್ನೋದು ಅಪ್ಪಂಗೆ ಗೊತ್ತಿಲ್ಲ. ಯಾರ್ತಾವೂ ಅನ್ಬ್ಯಾಡಿ ಕಣ್ರೀ. ಸೌಂಡ್ ಮುದ್ದಪ್ಪ ಅನ್ನೋ ಹೆಸ್ರೊಂದೇ ಉಳ್ದಿರೋದು ಅವರಿಗೆ."

ಇಲ್ಲ ಅಂದೆ. ಒಳಗೆ ಖುಷಿಯಾಗಿತ್ತು. ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು?

೧೨-೭, ಭಾನುವಾರ

ಕದಿರಯ್ಯ ಆಂಪ್ ತಂದ. ನೋಡಲು ಪರ್ವತಯ್ಯನವರು, ಸ್ಟಾಫಿನವರು ಇಬ್ಬರು. ನಾನೇ ಕರೆಸಿದ್ದೆ.

ಮಾವ ಸೀದಾ ಪೆಟ್ಟಿಗೆ ಹತ್ತಿರ ಹೋದರು, ಕೈ ಚಾಚಿ. ತಡೆದೆ. "ಕೈ ಹಾಕೋ ಹಾಗಿಲ್ಲ ಮಾವ. ಕಿವೀಲಿ ಕೇಳಿ ಹೇಳಿ. ಬಾಗಿಲ ಹತ್ತಿರ ನಿಂತ್ಕೊಳ್ಳಿ." ನಿಂತರು. ಗೋಡೆಗೆ ಆತುಕೊಂಡು.

ಆಂಪ್ ಆನ್ ಮಾಡಿ ರೆಕಾರ್ಡ್ ಹಾಕಿದೆ. ಅವರಿಗೆ ಕಾಣುವ ಹಾಗೆ ನಾಬ್ ತಿರುಗಿಸಿದೆ. ಆಮೇಲೆ ಕದಿರಯ್ಯನ ಕಡೆ ಕಣ್ಣು ಹೊಡೆದು, ಹಿಂದಿನಿಂದ ಮೇನ್ ವೈರ್ ಕಿತ್ತೆ. ಹಾಡು ನಿಂತಿತು. ಅವರ ಕಡೆ ತಿರುಗಿ ಕೇಳಿದೆ —

"ಹೇಗಿದೆ ಮಾವ?"

ತಲೆ ಓರೆ ಮಾಡಿದರು. ಎಲ್ಲರ ಮುಖ ಒಂದು ಸಲ ನೋಡಿದರು. "ಪರ್ವಾಗಿಲ್ಲ ಅಳೀಮಯ್ಯ. ಹಮ್ಮು ವಸಿ ಐತೆ. ಹಾರ್ನು ವಸಿ ಚುರುಕು."

ನಾನು ವೈರ್ ಎತ್ತಿ ತೋರಿಸಿದೆ.

ಕರೆಂಟೇ ಇಲ್ಲವಲ್ಲ ಅಂತ ಕದಿರಯ್ಯ ಮೊದಲು ನಕ್ಕ, ತನ್ನ ತೆಲುಗಿನಲ್ಲಿ. "ಅಯ್ಯೋ ಪೆದ್ದಾಯನ, ಕರೆಂಟೇ ಲೇದು ಕದಾ!" ಸ್ಟಾಫಿನವರು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ. ಪರ್ವತಯ್ಯ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು.

ಮಾವ ವೈರನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಒಳಗೆ ಹೋದರು.

ಆಂಪ್ ಇಟ್ಟುಕೊಂಡೆ. ಗಿರಿಯಮ್ಮ ನನಗೆ ಬಡಿಸಲಿಲ್ಲ. ನಾನೇ ಹಾಕಿಕೊಂಡು ಉಂಡೆ.

೨-೮

ಮೂರು ವಾರ ಬರೆದಿಲ್ಲ.

ಸ್ಪೀಕರ್ ಈಗ ನಾನೇ ಒರೆಸುತ್ತೇನೆ. ಮಾವ ಹಾಲಿಗೆ ಬರುವುದಿಲ್ಲ. ಬಂದರೂ ಪೆಟ್ಟಿಗೆ ಕಡೆ ನೋಡುವುದಿಲ್ಲ. ಅಳೀಮಯ್ಯ ಅನ್ನುವುದೂ ನಿಂತಿದೆ. ಮೇಷ್ಟ್ರೇ ಅನ್ನುತ್ತಾರೆ — ನನ್ನ ಶಿಷ್ಯರ ಅಪ್ಪಂದಿರು ಅಂದ ಹಾಗೆ.

ಆಂಪ್ ಸುಯ್ ಅನ್ನುತ್ತದೆ. ಹಾಡು ನಿಂತಾಗ ಅದೇ ಸದ್ದು ಮನೆ ತುಂಬಾ. ಮಾವ ಹೇಳಿದ ಗೊರಕೆ. ಯಾರಿಗೂ ಹೇಳಿಲ್ಲ.

೧೫-೮

ಶಾಲೆಯಲ್ಲಿ ಧ್ವಜ. ನಾಳೆ ಸಂಜೆ ಇಡೀ ಸ್ಟಾಫ್ ನಮ್ಮ ಮನೆಗೆ. ಪರ್ವತಯ್ಯನವರೂ ಒಪ್ಪಿದ್ದಾರೆ. ರೆಕಾರ್ಡ್ ಎಲ್ಲ ಒರೆಸಿಟ್ಟೆ. ಗಿರಿಯಮ್ಮ ಕುರ್ಚಿ ಸಾಲದು ಅಂದಳು. ಮಾವ ಪಕ್ಕದ ಮನೆಯಿಂದ ತರುತ್ತಾರಂತೆ. ತರಲಿ.

೧೬-೮, ಭಾನುವಾರ. ರಾತ್ರಿ ೮

ಎರಡೂ ಹೋದವು.

ಐದೂವರೆಗೆ ಆನ್ ಮಾಡಿ, ಬಿಸಿಯಾಗಲಿ ಅಂತ ಬಿಟ್ಟು, ಪರ್ವತಯ್ಯನವರನ್ನು ಕರೆತರಲು ಹೋದೆ. ಆರಕ್ಕೆ ಎಲ್ಲರೂ ಕೂತರು, ಮಾವನೂ. ಎರಡನೇ ಹಾಡಿಗೆ ಸುಟ್ಟ ವಾಸನೆ. ಗಿರಿಯಮ್ಮ ಅಡುಗೆಮನೆ ನೋಡಲು ಓಡಿದಳು. ಒಲೆಯಲ್ಲ. ಎಡಗಡೆ ಕೋನಿನಿಂದ ಹೊಗೆ, ಅದರ ಹಿಂದೆಯೇ ಬಲಗಡೆ. ಆಮೇಲೆ ಹಾರ್ನ್ ಎರಡೇ ಕಿರುಚುತ್ತಿದ್ದವು. ವೈರ್ ಕೀಳುವಷ್ಟರಲ್ಲಿ ಕೋನಿನೊಳಗಿನ ತಂತಿ ಸುರುಳಿ, ಕಾಯಿಲ್, ಕರಕಲು.

ಪರ್ವತಯ್ಯ ಎದ್ದರು. ಮಾವನ ಮುಂದೆ ನಿಂತು ಕೈಮುಗಿದು ಹೋದರು.

೧೭-೮. ಬೆಳಿಗ್ಗೆ

ಕೋನ್ ಬಿಚ್ಚಿದೆ. ಕರೆಂಟು ಸೀದಾ ನುಗ್ಗಿದೆ, ಮಾವ ಹೇಳಿದ ಹಾಗೆಯೇ. ಇಂಥ ಕೋನ್ ಇನ್ನು ಎಲ್ಲೂ ಸಿಗುವುದಿಲ್ಲ.

ಮಾವ ಜಗಲಿಯಲ್ಲಿದ್ದರು. ಎದುರಿಗೆ ಹೋಗಿ ನಿಂತೆ. ನಾನು ಕೇಳುವ ಮೊದಲೇ ಹೇಳಿದರು.

"ಕುರ್ಚಿ ಇಕ್ಕೋವಾಗ ಕೈ ಇಟ್ಟಿದ್ದೆ ಮೇಷ್ಟ್ರೇ. ಮುಂದಕ್ಕೆ ತಳ್ಕಂಡಿದ್ವು. ಎಲ್ಡೂವೆ."

"ಗೊತ್ತಿತ್ತಾ? ಮತ್ತೆ ವೈರ್ ಯಾಕೆ ಕೀಳಲಿಲ್ಲ?"

"ಕೈ ಹಾಕಂಗಿಲ್ಲ ಅಂದಿದ್ರಿ."

"ಬಾಯಲ್ಲಿ ಹೇಳಬಹುದಿತ್ತಲ್ಲ?"

"ಕಿವಿ ಇರೋರು ಎಂಟು ಜನ ಕೂತಿದ್ರಿ. ಕೆಪ್ಪ ಏನ್ ಹೇಳಾನ?"

"ಸುಟ್ಟಿದ್ದು ನಿಮ್ಮ ಪೆಟ್ಟಿಗೆ, ಮಾವ."

"ಹೂಂ. ನನ್ನವೇ." ಬೀಡಿ ಹಚ್ಚಿಕೊಂಡರು. "ಇಪ್ಪತ್ತಾರು ವರ್ಷ ಕಾದಿದ್ದೆ ಅವನ್ನ. ಮೊನ್ನೆ ನಿಮ್ಮ ಮುಂದೆ ಕುಂತು ನೋಡ್ದೆ. ಎಷ್ಟೊತ್ತಿಗೆ ಹೊಗೆ ಬತ್ತದೆ ಅಂತ."

ಮೊನ್ನೆ ಅಲ್ಲ, ನಿನ್ನೆ ಅನ್ನಬೇಕು ಅನ್ನಿಸಿತು.

೨೩-೮, ಭಾನುವಾರ. ಬೆಳಿಗ್ಗೆ ೬.೩೦

ಗಿರಿಯಮ್ಮ ಅಪ್ಪನ ಟ್ರಂಕು ತುಂಬುತ್ತಿದ್ದಾಳೆ. ಎಲ್ಲಿಗೆ ಅಂದರೆ ಹೇಳುವುದಿಲ್ಲ. ಅವಳ ಎರಡು ಸೀರೆಯೂ ಅದರಲ್ಲೇ ಇದೆ.

ತಪ್ಪಾಯಿತು ಅನ್ನಬೇಕು. ಒಂದೇ ಮಾತು. ಎದ್ದಾಗಿನಿಂದ ಬಾಯಿಗೆ ಬಂದು ವಾಪಸ್ ಹೋಗುತ್ತಿದೆ.

ಮಾವ ಹಾಲಿನಲ್ಲಿ ಬಂದು ಕೂತಿದ್ದಾರೆ, ಪೆಟ್ಟಿಗೆ ಮುಂದೆ, ನನಗೆ ಬೆನ್ನು ಹಾಕಿ. ಖಾಲಿ ತೂತಿನ ಒಳಗೆ ಕೈ ಇಟ್ಟುಕೊಂಡು. ಇಲ್ಲಿಂದಲೇ ಕರೆದೆ. ತಿರುಗಲಿಲ್ಲ. ತಪ್ಪಾಯಿತು ಮಾವ ಅಂದೆ. ತಿರುಗಲಿಲ್ಲ. ಎದುರಿಗೆ ಹೋಗಿ ಮುಖ ತೋರಿಸಿ ಅನ್ನಬೇಕು. ಪೆನ್ನು ಇಟ್ಟು ಏಳುತ್ತಿದ್ದೇನೆ.